ಗುಡ್ಡ ಹತ್ತಿ, ಸರೋವರ ಸುತ್ತಿ: ಕಷ್ಟದ ಸೈಕಲ್ ಪ್ರವಾಸಕ್ಕೆ ಯೋಜನೆ ಹಾಕುವುದು ಹೇಗೆ?

ಸಂಜೆ 6 ಗಂಟೆ. ನಾನು ಸರೋವರದ ಈ ದಡದಲ್ಲಿ ಸೈಕಲ್ ಹಿಡಿದು ನಿಂತಿದ್ದೆ. ರಾತ್ರಿ ಉಳಿಯಬೇಕಿದ್ದ ಊರು ಎದುರು ದಡದಲ್ಲೇ ಇತ್ತು. ಮನೆಗಳ ದೀಪ ಒಂದೊಂದಾಗಿ ಹೊತ್ತಿಕೊಳ್ಳುವುದೂ ಕಾಣುತ್ತಿತ್ತು. ನೀರಿನ ಮೇಲೆ ನೇರ ಹೋದರೆ 2 ಕಿಲೋಮೀಟರ್ ಇದ್ದೀತು. ರಸ್ತೆಯಲ್ಲಿ 26. ನಡುವೆ ಒಂದು ಗುಡ್ಡ ಬೇರೆ.

ಬೆಳಗ್ಗೆ ನಾನು ಹಾಕಿದ್ದ ಲೆಕ್ಕ ಬಹಳ ಸುಲಭದ್ದು. 80 ಕಿ.ಮೀ., ಗಂಟೆಗೆ 18, ಮಧ್ಯೆ ಊಟ. 2 ಗಂಟೆಯೊಳಗೆ ತಲುಪಿ, ನೀರಿಗೆ ಕಾಲು ಇಳಿಬಿಟ್ಟು ಕೂರುವುದು ಅಂತ ಅಂದುಕೊಂಡಿದ್ದೆ. ತಲುಪಿದ್ದು ರಾತ್ರಿ 8 ದಾಟಿದ ಮೇಲೆ, ಮಿಣಮಿಣ ದೀಪದಲ್ಲಿ, ಅಲ್ಲಲ್ಲಿ ಸೈಕಲ್ ತಳ್ಳಿಕೊಂಡು. ರಸ್ತೆ ಮೋಸ ಮಾಡಿರಲಿಲ್ಲ. ಕಿಲೋಮೀಟರ್ ನಂಬಿ ನಾನೇ ಮೋಸ ಹೋಗಿದ್ದೆ.

ಗುಡ್ಡ ಮತ್ತು ಸರೋವರ ಎರಡೂ ಇರುವ ಕಡೆ ಪ್ರವಾಸ ಹಾಕುವಾಗ ಎರಡು ವಿಷಯ ತಲೆಯಲ್ಲಿರಬೇಕು. ಏರು ಹೊತ್ತು ತಿನ್ನುತ್ತದೆ. ನೀರು ಅಡ್ಡದಾರಿ ಮುಚ್ಚುತ್ತದೆ. ಮುಂದಿನ ತಯಾರಿಯೆಲ್ಲ ಈ ಎರಡನ್ನೇ ಸುತ್ತುತ್ತದೆ.

ಮೊದಲು ನಕ್ಷೆ ಬಿಡಿಸಿಕೊಂಡು ಕೂರಿ

ಇಂಥ ಎಷ್ಟೋ ಸರೋವರಗಳು ಹಿಂದೆ ಹಿಮನದಿ ಕೊರೆದ ಕಣಿವೆಯಲ್ಲಿ ನೀರು ನಿಂತು ಆದವು. ಅದಕ್ಕೇ ಅವು ಉದ್ದಕ್ಕೆ, ಕಿರಿದಾಗಿ, ಎರಡೂ ಬದಿ ಗುಡ್ಡ ಇಟ್ಟುಕೊಂಡು ಮಲಗಿರುತ್ತವೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಫಿಂಗರ್ ಲೇಕ್ಸ್ ಅಂತ 11 ಸರೋವರಗಳಿವೆ. ಹೆಸರಿನಂತೆಯೇ ಅಂಗೈ ಬಿಡಿಸಿ ಬೆರಳು ಚಾಚಿದ ಹಾಗೆ ಉತ್ತರ–ದಕ್ಷಿಣಕ್ಕೆ ಹಬ್ಬಿವೆ. ಅವುಗಳಲ್ಲಿ ಸೆನೆಕಾ ಸರೋವರದ ಉದ್ದ ಸುಮಾರು 61 ಕಿ.ಮೀ., ಅಗಲ ಹೆಚ್ಚೆಂದರೆ 5 ಕಿ.ಮೀ. ಆಸುಪಾಸು. ಬೆರಳಿನ ಉದ್ದಕ್ಕೆ ಹೋದರೆ ಏರು ಕಡಿಮೆ. ಒಂದು ಬೆರಳಿನಿಂದ ಇನ್ನೊಂದಕ್ಕೆ ಅಡ್ಡ ಹೊರಟಿರೋ, ನಡುವಿನ ದಿಬ್ಬ ಹತ್ತಿ ಇಳಿಯಲೇಬೇಕು.

ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಕಣಿವೆಗಳ ಜೋಡಣೆ ಬೇರೆ. ನಡುವಿನ ಬೆಟ್ಟಗಳಿಂದ ಚಕ್ರದ ಕಡ್ಡಿಗಳ ಹಾಗೆ ಹೊರಕ್ಕೆ ಚಾಚಿವೆ. ಒಂದು ಕಣಿವೆಯಿಂದ ಪಕ್ಕದ್ದಕ್ಕೆ ಹೋಗಬೇಕೆಂದರೆ ದೂರದಿಂದ ಬಳಸಿ ಬರಬೇಕು, ಇಲ್ಲವೇ ಹಾರ್ಡ್‌ನಾಟ್‌ನಂಥ ಘಾಟಿ ಹತ್ತಬೇಕು. ಆ ಘಾಟಿಯ ಅತಿ ಕಡಿದಾದ ಭಾಗದ ಏರು ಸುಮಾರು 33%. ಅಂದರೆ 3 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೆ. ಸಾಮಾನು ಹೇರಿದ ಸೈಕಲ್‌ನಲ್ಲಿ ಅಲ್ಲಿ ಮುಂದಿನ ಚಕ್ರ ನೆಲ ಬಿಡಲು ನೋಡುತ್ತದೆ.

ಹಾಗಾಗಿ ಮೊದಲ ಕೆಲಸ: ನಿಮ್ಮ ದಾರಿ ಎಲ್ಲೆಲ್ಲಿ ಕಣಿವೆಯ ಉದ್ದಕ್ಕಿದೆ, ಎಲ್ಲೆಲ್ಲಿ ಅಡ್ಡಕ್ಕಿದೆ ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ದಿನಕ್ಕೆ ಒಂದು ದೊಡ್ಡ ಅಡ್ಡ ದಾಟು ಸಾಕು. ಎರಡಾದರೆ ಅದು ಕಷ್ಟದ ದಿನ. ಮೂರು ಹಾಕಿದ್ದರೆ ರಬ್ಬರ್ ತೆಗೆದುಕೊಳ್ಳಿ.

ಮೊಬೈಲ್ ಆ್ಯಪ್ ಸಾಲದೇ ಅಂತ ಕೇಳಬಹುದು. ದೂರಕ್ಕೆ ಸಾಕು. ಎತ್ತರಕ್ಕೆ ಕಣ್ಣು ಮುಚ್ಚಿ ನಂಬಬೇಡಿ. 2000ರ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನ ಭೂಮಿ ಸುತ್ತಿ ರೇಡಾರ್‌ನಿಂದ ಎತ್ತರ ಅಳೆದಿತ್ತು. ಎಷ್ಟೋ ಆ್ಯಪ್‌ಗಳ ಲೆಕ್ಕದ ಬುಡದಲ್ಲಿ ಇಂದಿಗೂ ಆ ಅಳತೆಯೇ ಇದೆ. ಅದರಲ್ಲಿ ಸುಮಾರು 30 ಮೀಟರಿಗೆ ಒಂದು ಚೌಕ, ಚೌಕಕ್ಕೆ ಒಂದೇ ಎತ್ತರ. ಬಯಲಲ್ಲಿ ಇದರಿಂದ ತೊಂದರೆಯಿಲ್ಲ. ದಡದ ಬಂಡೆ ಕಡಿದು ಮಾಡಿದ ರಸ್ತೆಯಲ್ಲಿ ಒಂದು ಚೌಕ ನೀರಿನ ಮೇಲೆ, ಪಕ್ಕದ್ದು ಗುಡ್ಡದ ನೆತ್ತಿಯ ಮೇಲೆ ಬಿದ್ದಿರುತ್ತದೆ. ಸುರಂಗ ಬಂದರಂತೂ ಆ್ಯಪ್ ನಿಮ್ಮನ್ನು ಬೆಟ್ಟದ ಮೇಲೇ ಹತ್ತಿಸಿ ಇಳಿಸುತ್ತದೆ. ಏರಿನ ಗೆರೆ ಇದ್ದಕ್ಕಿದ್ದಂತೆ ಗರಗಸದ ಹಲ್ಲಿನ ಹಾಗೆ ಕಂಡರೆ ಸುರಂಗವೋ ಸೇತುವೆಯೋ ಇರಬಹುದು, ನೋಡಿ. ಸುರಂಗವೇ ಆಗಿದ್ದರೆ ಸೈಕಲ್ ಬಿಡುತ್ತಾರೋ ಇಲ್ಲವೋ ಅಂತ ಮೊದಲೇ ವಿಚಾರಿಸಿ. ದಡದ ರಸ್ತೆಯ ಸುರಂಗಗಳಲ್ಲಿ ಎಷ್ಟೋ ಕಡೆ ಬಿಡುವುದಿಲ್ಲ.

ಎತ್ತರದ ಗೆರೆಗಳಿರುವ ಕಾಗದದ ನಕ್ಷೆ ಸಿಕ್ಕರೆ ಚಿನ್ನ. ಗೆರೆಗಳ ನಡುವೆ 20 ಮೀಟರ್ ಅಂತರ ಅಂದುಕೊಳ್ಳಿ. ರಸ್ತೆ 1 ಕಿಲೋಮೀಟರಿನಲ್ಲಿ ಅಂಥ 5 ಗೆರೆ ದಾಟಿದರೆ 100 ಮೀಟರ್ ಏರು, ಅಂದರೆ 10%. ಸರಾಸರಿಗೆ ಮಾತ್ರ ಮರುಳಾಗಬೇಡಿ. 3 ಕಿ.ಮೀ.ಗೆ 180 ಮೀಟರ್ ಅಂದರೆ 6%, ಕೇಳಲು ಸೌಮ್ಯ. ಆದರೆ 2 ಕಿ.ಮೀ. 3% ಇದ್ದು ಕೊನೆಯ 1 ಕಿ.ಮೀ. 12% ಇದ್ದರೂ ಸರಾಸರಿ ಅದೇ 6%. ಕಾಲು ಸರಾಸರಿಯನ್ನು ತುಳಿಯುವುದಿಲ್ಲ, 12%ಅನ್ನು ತುಳಿಯುತ್ತದೆ.

ಕಿಲೋಮೀಟರ್ ಬಿಡಿ, ಗಂಟೆ ಲೆಕ್ಕ ಹಾಕಿ

ನಾನೀಗ ಬಳಸುವ ಸೂತ್ರ ಇದು. ಸಾಮಾನು ಹೇರಿದ ಸೈಕಲ್‌ಗೆ ಸಪಾಟು ರಸ್ತೆಯಲ್ಲಿ ಗಂಟೆಗೆ 18 ಕಿ.ಮೀ. ಅದರ ಮೇಲೆ ಪ್ರತಿ 100 ಮೀಟರ್ ಏರಿಗೆ 7 ನಿಮಿಷ ಸೇರಿಸಿ. ಇಳಿಜಾರಿನಲ್ಲಿ ಉಳಿಯುವ ಹೊತ್ತನ್ನು ಅದರಲ್ಲೇ ಕಳೆದಾಗಿದೆ. ಕೊನೆಗೆ ಸವಾರಿಯ ಪ್ರತಿ ಗಂಟೆಗೆ 12 ನಿಮಿಷ ನಿಲ್ಲುವುದಕ್ಕೆ.

ನನ್ನ ಆ 80 ಕಿಲೋಮೀಟರ್ ದಿನವನ್ನೇ ಹಾಕಿ ನೋಡಿ. ಒಟ್ಟು ಏರು 1,600 ಮೀಟರ್ ಇತ್ತು. 80 ಭಾಗಿಸು 18 ಅಂದರೆ ಸುಮಾರು ನಾಲ್ಕೂವರೆ ಗಂಟೆ. ಏರಿಗೆ 16 ಸಲ 7, ಅಂದರೆ 112 ನಿಮಿಷ. ತುಳಿಯುವ ಹೊತ್ತೇ 6 ಗಂಟೆ 20 ನಿಮಿಷ. ನಿಲ್ಲುವುದೂ ಸೇರಿದರೆ ಏಳೂವರೆ ದಾಟುತ್ತದೆ. ನಾನು ಹೊರಟಿದ್ದು 9 ಗಂಟೆಗೆ. ಪಂಕ್ಚರ್ ಒಂದು, ಫೋಟೋ ಇಪ್ಪತ್ತು. ಕತ್ತಲಾಗದೆ ಇನ್ನೇನು?

ಈ ಅಂಕಿಗಳು ಎಲ್ಲರಿಗೂ ಹೊಂದುವುದಿಲ್ಲ. ಗಟ್ಟಿಗರಿಗೆ 7 ನಿಮಿಷ ಜಾಸ್ತಿಯಾಯಿತು, ಹೊಸಬರಿಗೆ 9 ಬೇಕಾಗಬಹುದು. ಮನೆಯ ಹತ್ತಿರ ಅಳೆದು ನಿಮ್ಮ ಅಂಕಿ ಕಂಡುಕೊಳ್ಳಿ. ಒಂದು ಅಂದಾಜು ಬೇಕೆಂದರೆ, 100 ಕಿ.ಮೀ.ಗೆ 1,000 ಮೀಟರ್ ಏರು ಇದ್ದರೆ ಉಬ್ಬುತಗ್ಗಿನ ದಾರಿ. 1,500 ಆದರೆ ಗುಡ್ಡಗಾಡು. 2,000 ದಾಟಿದರೆ ಮರುದಿನ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಳ್ಳುತ್ತೀರಿ.

ಯಾವ ಕಡೆಯಿಂದ ಸುತ್ತಬೇಕು?

ಸುತ್ತುವ ದಿಕ್ಕನ್ನು ಸುಮ್ನೆ ನಾಣ್ಯ ಚಿಮ್ಮಿ ಆರಿಸಬೇಡಿ. ವಾಹನಗಳು ಎಡಕ್ಕೆ ಹೋಗುವ ದೇಶದಲ್ಲಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತಿದರೆ ನೀರು ನಿಮ್ಮ ಎಡಕ್ಕೇ, ನೀವು ಹೋಗುವ ಅಂಚಿಗೇ ಇರುತ್ತದೆ. ಅಡ್ಡರಸ್ತೆಗಳಿಂದ ನುಗ್ಗುವ ವಾಹನ ಕಡಿಮೆ. ನಿಂತು ನೋಡಬೇಕೆನಿಸಿದರೆ ರಸ್ತೆ ದಾಟಬೇಕಿಲ್ಲ. ಜಪಾನಿನ ಬಿವಾ ಸರೋವರದ ಸುಮಾರು 200 ಕಿ.ಮೀ. ಸುತ್ತಿಗೆ ಈ ಎಡಸುತ್ತನ್ನೇ ಹೇಳುತ್ತಾರೆ, ಅಲ್ಲಿ ವಾಹನಗಳು ಎಡಕ್ಕೆ. ಬಲಕ್ಕೆ ಹೋಗುವ ಅಮೆರಿಕದಲ್ಲಿ ತಾಹೋ ಸರೋವರವನ್ನು ಬಹುತೇಕರು ಗಡಿಯಾರದ ದಿಕ್ಕಿನಲ್ಲಿ ಸುತ್ತುತ್ತಾರೆ.

ತಾಹೋ ಸುತ್ತು ಬಿವಾ ಸುತ್ತಿಗಿಂತ ಬಹಳ ಚಿಕ್ಕದು, ಸುಮಾರು 116 ಕಿ.ಮೀ. ಅಷ್ಟೇ. ಆದರೆ ಬಿವಾ ಬಹುಪಾಲು ಸಪಾಟು. ತಾಹೋ ದಾರಿ ಎಮರಾಲ್ಡ್ ಬೇ ಹತ್ತಿರ ಒಮ್ಮೆ, ಪೂರ್ವ ದಡದಲ್ಲಿ ಸ್ಪೂನರ್ ಕಡೆ ಇನ್ನೊಮ್ಮೆ ದಡ ಬಿಟ್ಟು ಮೇಲೇರುತ್ತದೆ. ಅದೂ ನೀರಿನ ಮಟ್ಟವೇ 1,900 ಮೀಟರ್ ಹತ್ತಿರ ಇರುವ ಜಾಗದಲ್ಲಿ, ಗಾಳಿ ತೆಳುವಾಗಿರುವಾಗ. ಸರೋವರದ ಸುತ್ತ ಅಂದ ಮಾತ್ರಕ್ಕೆ ಸಪಾಟು ಅಂತಲ್ಲ.

ಇನ್ನು ಗಾಳಿ. ಹಗಲು ನೆಲ ನೀರಿಗಿಂತ ಬೇಗ ಕಾಯುತ್ತದೆ, ಆಗ ಗಾಳಿ ನೀರಿನಿಂದ ನೆಲದ ಕಡೆ ಬೀಸುತ್ತದೆ. ರಾತ್ರಿ ಉಲ್ಟಾ. ಕಣಿವೆಯೊಳಗೂ ಹಗಲು ಮೇಲ್ಮುಖ, ರಾತ್ರಿ ಕೆಳಮುಖ. ಉದ್ದನೆಯ ಸರೋವರ ಕೊಳವೆಯ ಹಾಗೆ ಈ ಗಾಳಿಯನ್ನು ಜೋರು ಮಾಡುತ್ತದೆ. ಇಟಲಿಯ ಗಾರ್ದಾ ಸರೋವರದಲ್ಲಿ ಇದು ಎಷ್ಟು ಕರಾರುವಾಕ್ಕು ಅಂದರೆ ಗಾಳಿಗಳಿಗೆ ಹೆಸರೇ ಇದೆ. ಬೆಳಗ್ಗೆ ಉತ್ತರದಿಂದ ಪೆಲೇರ್, ಮಧ್ಯಾಹ್ನ ದಕ್ಷಿಣದಿಂದ ಓರಾ. ಬೆಳಗ್ಗೆ ದಕ್ಷಿಣಕ್ಕೆ ತುಳಿದು, ಮಧ್ಯಾಹ್ನ ಉತ್ತರಕ್ಕೆ ತಿರುಗಿದವನಿಗೆ ಎರಡು ಸಲವೂ ಬೆನ್ನಿಗೆ ಗಾಳಿ. ಉಲ್ಟಾ ಹೋದವನ ಪಾಡು ಹೇಳಬೇಕಿಲ್ಲ. ನೀವು ಹೋಗುವ ಜಾಗದಲ್ಲಿ ಹಾಯಿದೋಣಿಯವರು ಇದ್ದರೆ ಅವರನ್ನು ಕೇಳಿ. ಹವಾಮಾನ ಆ್ಯಪ್‌ಗಿಂತ ಚೆನ್ನಾಗಿ ಹೇಳುತ್ತಾರೆ.

ಬಿಟ್ಟು ಬರುವ ದಾರಿ ಗುರುತಿಸಿ

ಬಯಲಿನಲ್ಲಿ ಸುಸ್ತಾದರೆ ಅಡ್ಡರಸ್ತೆ ಹಿಡಿದು ವಾಪಸ್ ಬರಬಹುದು. ಸರೋವರದ ಅರ್ಧ ಸುತ್ತಿದ ಮೇಲೆ ಮುಂದೆ ಹೋದರೂ ಅಷ್ಟೇ ದೂರ, ಹಿಂದೆ ಬಂದರೂ ಅಷ್ಟೇ. ಹಾಗಾಗಿ ಪ್ರತಿ ದಿನಕ್ಕೂ ಒಂದು ನಿರ್ಧಾರದ ಜಾಗ ಇಟ್ಟುಕೊಳ್ಳಿ, ಅರ್ಧಕ್ಕಿಂತ ಮೊದಲೇ. ಅಲ್ಲಿಗೆ ಇಷ್ಟು ಗಂಟೆಯೊಳಗೆ ತಲುಪದಿದ್ದರೆ ಘಾಟಿ ಬಿಟ್ಟು ದಡದ ರಸ್ತೆ, ಅಥವಾ ಆ ಊರಲ್ಲೇ ತಂಗುವುದು. ಗಂಟೆಯನ್ನು ಬರೆದಿಡಿ. ಬರೆಯದಿದ್ದರೆ ಅಲ್ಲಿ ನಿಂತು “ಇನ್ನೊಂದು ಸ್ವಲ್ಪ” ಅಂತೀರಿ. ನನಗೆ ಗೊತ್ತು.

ದೋಣಿ ಇದ್ದರೆ ಅದೇ ನಿಮ್ಮ ಅಡ್ಡದಾರಿ. ಕೊನೆಯ ದೋಣಿ ಎಷ್ಟಕ್ಕೆ, ಸೈಕಲ್ ಹತ್ತಿಸುತ್ತಾರಾ, ನೀವು ಹೋಗುವ ತಿಂಗಳಲ್ಲಿ ಓಡುತ್ತದಾ, ಗಾಳಿ ಜೋರಾದರೆ ನಿಲ್ಲಿಸುತ್ತಾರಾ ಅಂತ ಕೇಳಿಟ್ಟುಕೊಳ್ಳಿ. ಆ ಸಂಜೆ ನಾನು ನಿಂತಿದ್ದ ಕಟ್ಟೆಯಿಂದ ಕೊನೆಯ ದೋಣಿ 20 ನಿಮಿಷ ಮೊದಲು ಹೋಗಿತ್ತು. ವೇಳಾಪಟ್ಟಿಯ ಬೋರ್ಡು ನನ್ನ ಬೆನ್ನ ಹಿಂದೆಯೇ ನೇತಾಡುತ್ತಿತ್ತು.

ಸೈಕಲ್‌ನಲ್ಲಿ ಒಂದೇ ಒಂದು ಬದಲಾಯಿಸುವುದಾದರೆ: ಗೇರ್

ಹಗುರ ಸೈಕಲ್, ದುಬಾರಿ ಚಕ್ರ ಎಲ್ಲ ಆಮೇಲೆ. ಏರಿನಲ್ಲಿ ನಿಮ್ಮನ್ನು ಉಳಿಸುವುದು ಚಿಕ್ಕ ಗೇರ್. ಹೇಗೆ ಅಂತ ಲೆಕ್ಕದಲ್ಲೇ ನೋಡಿ. ನೀವು, ಸೈಕಲ್, ಸಾಮಾನು ಸೇರಿ 100 ಕೆ.ಜಿ. ಅನ್ನೋಣ. ಗಂಟೆಗಟ್ಟಲೆ ಕೊಡಬಹುದಾದ ಶಕ್ತಿ 150 ವ್ಯಾಟ್. ಅಷ್ಟರಲ್ಲಿ ಗಂಟೆಗೆ 500 ಮೀಟರ್ ಎತ್ತರ ಏರಬಹುದು. 10% ಏರಿನಲ್ಲಿ ಅದು ಗಂಟೆಗೆ 5 ಕಿ.ಮೀ. ವೇಗ, ಸೆಕೆಂಡಿಗೆ 1.4 ಮೀಟರ್ ಆಸುಪಾಸು.

ಚಕ್ರದ ಸುತ್ತಳತೆ ಸುಮಾರು 2.1 ಮೀಟರ್. ಮುಂದೆ, ಅಂದರೆ ಪೆಡಲಿನ ಹತ್ತಿರದ ಹಲ್ಲುಚಕ್ರದಲ್ಲಿ 34 ಹಲ್ಲು, ಹಿಂದಿನದರಲ್ಲಿ 32 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ 2.2 ಮೀಟರ್ ಹೋಗುತ್ತದೆ. 5 ಕಿ.ಮೀ. ವೇಗಕ್ಕೆ ನಿಮಿಷಕ್ಕೆ 37 ಸುತ್ತು ಮಾತ್ರ ತುಳಿಯಬೇಕಾಗುತ್ತದೆ. ಸುತ್ತು ಕಡಿಮೆಯಾದಷ್ಟೂ ಪ್ರತಿ ಸುತ್ತಿಗೆ ಬಲ ಜಾಸ್ತಿ ಬೇಕು. ಮಂಡಿ ಕಿರುಗುಟ್ಟುವುದು, ಬೆನ್ನು ಹಿಡಿಯುವುದು ಇದರಿಂದಲೇ. ಅದೇ ಮುಂದೆ 24, ಹಿಂದೆ 36 ಹಾಕಿ. ಒಂದು ಸುತ್ತಿಗೆ 1.4 ಮೀಟರ್. ಆರಾಮಾಗಿ ನಿಮಿಷಕ್ಕೆ 60 ಸುತ್ತು, ಸೀಟಿನಲ್ಲಿ ಕೂತುಕೊಂಡೇ. ಮುಂದಿನ ಹಲ್ಲು ಹಿಂದಿನದಕ್ಕಿಂತ ಕಡಿಮೆ ಇರಬೇಕು ಅನ್ನುವುದಷ್ಟು ನೆನಪಿರಲಿ.

ಅಷ್ಟಾದರೂ ಕೆಲವು ಕಡೆ ಇಳಿದು ತಳ್ಳಬೇಕಾಗುತ್ತದೆ. ತಳ್ಳಿದರೆ ಗಂಟೆಗೆ 3–4 ಕಿ.ಮೀ., ತುಳಿದರೆ 5. ವ್ಯತ್ಯಾಸ ಅಷ್ಟೇ. ನಾಚಿಕೆ ಯಾಕೆ? ನಡೆಯಲು ಬರುವಂಥ ಶೂ ಹಾಕಿಕೊಳ್ಳಿ, ಸಾಕು.

ಸಾಮಾನು

ತೂಕದ ಬಗ್ಗೆ ಜನ ಅತಿಯಾಗಿ ಹೆದರುತ್ತಾರೆ. 1,000 ಮೀಟರ್ ಏರುವ ದಿನ 5 ಕೆ.ಜಿ. ಹೆಚ್ಚಾದರೆ ತಗಲುವ ಹೆಚ್ಚುವರಿ ಹೊತ್ತು ಸುಮಾರು 6 ನಿಮಿಷ. ಹಾಗಾಗಿ ಮಳೆ ಅಂಗಿ, ಬೆಚ್ಚನೆಯ ಕೈಗವಸನ್ನು ಮನೆಯಲ್ಲೇ ಬಿಟ್ಟು ತೂಕ ಇಳಿಸಬೇಡಿ. ಎರಡನೇ ಜೀನ್ಸ್, ಓದದ ಪುಸ್ತಕ ಬಿಡಿ. ತೂಕಕ್ಕಿಂತ ಜೋಡಣೆ ಮುಖ್ಯ. ಭಾರದ್ದು ಕೆಳಗೆ, ಎರಡೂ ಬದಿ ಸಮ. ಎಲ್ಲವನ್ನೂ ಹಿಂದಿನ ಕ್ಯಾರಿಯರ್‌ಗೆ ಕಟ್ಟಿದರೆ ಏರಿನಲ್ಲಿ ಮುಂದಿನ ಚಕ್ರ ಹಗುರಾಗುತ್ತದೆ, ಹಿಂದಿನ ಚಕ್ರದ ಕಡ್ಡಿಗಳು ಒದ್ದಾಡುತ್ತವೆ. ಮುರಿಯುವುದು ಹೆಚ್ಚಾಗಿ ಹಿಂಚಕ್ರದ ಚೈನ್ ಬದಿಯ ಕಡ್ಡಿ. ಆ ಅಳತೆಯ ಎರಡು ಕಡ್ಡಿಯನ್ನು ಫ್ರೇಮಿಗೆ ಟೇಪ್ ಸುತ್ತಿ ಅಂಟಿಸಿಡಿ.

ಟ್ಯೂಬ್ ಎರಡು, ಪ್ಯಾಚ್, ಪಂಪ್, ಟೈರ್ ಬಿಚ್ಚುವ ಲಿವರ್, ಅಲೆನ್ ಕೀ, ಚೈನ್ ಕೊಂಡಿ, ಒಂದು ಜೊತೆ ಬ್ರೇಕ್ ಪ್ಯಾಡ್. ಹಿಂದೆ ಮುಂದೆ ದೀಪ, ಹಗಲಿಗೂ. ತಣ್ಣನೆಯ ಬೆಳಗಿನಲ್ಲಿ ಬೆಚ್ಚಗಿನ ನೀರಿನ ಮೇಲೆ ಮಂಜು ಎದ್ದರೆ 20 ಮೀಟರ್ ಆಚೆ ಏನೂ ಕಾಣುವುದಿಲ್ಲ.

ತಾಲೀಮು

ಎರಡು ತಿಂಗಳು ಮೊದಲೇ ಶುರು ಮಾಡಿ. ಗುಡ್ಡ ಇಲ್ಲದ ಊರಾದರೆ ಒಂದೇ ದಿಬ್ಬವನ್ನು ಹತ್ತು ಸಲ ಹತ್ತಿ. ಅದೂ ಇಲ್ಲದಿದ್ದರೆ ಎದುರು ಗಾಳಿಗೆ ತುಳಿಯಿರಿ, ಕಾಲಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಹೊರಡುವ ಎರಡು ವಾರ ಮೊದಲು ಪೂರ್ತಿ ಸಾಮಾನು ಹೇರಿಕೊಂಡು ಎರಡು ದಿನ ಬೆನ್ನುಬೆನ್ನಿಗೆ ಹೋಗಿ ಬನ್ನಿ. ಮೊದಲ ದಿನ ಎಲ್ಲರೂ ತುಳಿಯುತ್ತಾರೆ. ಸೀಟು ಎಲ್ಲಿ ಒತ್ತುತ್ತದೆ, ಯಾವ ಚೀಲ ಹಿಮ್ಮಡಿಗೆ ತಾಗುತ್ತದೆ, ಯಾವ ನಟ್ಟು ಸಡಿಲ ಅಂತ ಹೇಳುವುದು ಎರಡನೇ ದಿನ.

ಹೊಟ್ಟೆ, ನೀರು, ಚಳಿ

ಹಸಿವಾದ ಮೇಲೆ ತಿಂದರೆ ತಡವಾಯಿತು ಅಂತಲೇ ಲೆಕ್ಕ. ಹೊರಟ ಅರ್ಧ ಗಂಟೆಯಿಂದಲೇ ಸ್ವಲ್ಪ ಸ್ವಲ್ಪ ತಿನ್ನಿ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗಬೇಕು, ನೀರು ಅರ್ಧದಿಂದ ಮುಕ್ಕಾಲು ಲೀಟರ್. ದೊಡ್ಡ ಘಾಟಿಯ ಬುಡದಲ್ಲಿ ಹೊಟ್ಟೆ ತುಂಬ ಉಣ್ಣಬೇಡಿ, ಒಂದು ಗಂಟೆ ಮೊದಲೇ ಮುಗಿಸಿ.

ಪಕ್ಕದಲ್ಲೇ ಸರೋವರ, ನೀರಿಗೇನು ಬರ ಅಂತ ಅನಿಸುತ್ತದೆ ಅಲ್ವಾ? ಆ ನೀರನ್ನು ಹಾಗೇ ಕುಡಿಯಬೇಡಿ. ಕುದಿಸಿದರೆ ರೋಗಾಣುಗಳು ಸಾಯುತ್ತವೆ. ಆದರೆ ಬಿಸಿಲ ಕಾಲದಲ್ಲಿ ದಡದ ಹತ್ತಿರ ಹಸಿರು ಬಣ್ಣ ಕಲಸಿದ ಹಾಗೆ ಕೆನೆ ಕಟ್ಟಿದ್ದರೆ ಅದು ನೀಲಿ-ಹಸಿರು ಪಾಚಿ ಇರಬಹುದು. ಅದರ ವಿಷ ಕುದಿಸಿದರೂ ಹೋಗುವುದಿಲ್ಲ. ಅಲ್ಲಿ ಬಾಟಲಿ ತುಂಬಬೇಡಿ, ಈಜಲೂ ಬೇಡಿ.

1,000 ಮೀಟರ್ ಮೇಲೆ ಹೋದರೆ ತಾಪಮಾನ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಹತ್ತುವಾಗ ಇದು ತಿಳಿಯುವುದಿಲ್ಲ, ಬೆವರು ಸುರಿಯುತ್ತಿರುತ್ತದೆ. ತುದಿಯಲ್ಲಿ ನಿಂತು ಫೋಟೋ ತೆಗೆದು, ಒದ್ದೆ ಅಂಗಿಯಲ್ಲೇ ಗಂಟೆಗೆ 40ರಲ್ಲಿ ಇಳಿದರೆ ಹಲ್ಲು ಕಟಕಟ ಅನ್ನುತ್ತದೆ, ಬೆರಳು ಮರಗಟ್ಟಿ ಬ್ರೇಕ್ ಹಿಡಿಯುವುದೇ ಕಷ್ಟ. ಗಾಳಿ ತಡೆಯುವ ಅಂಗಿಯನ್ನು ತುದಿಯಲ್ಲೇ ಹಾಕಿ, ಜಿಪ್ ಎಳೆದು, ಆಮೇಲೆ ಹೊರಡಿ. ಮಳೆ ಅಂಗಿಯಂತೂ ಚೀಲದ ಮೇಲ್ಭಾಗದಲ್ಲೇ ಇರಲಿ. ಸರೋವರಗಳು ಅಷ್ಟೊಂದು ತುಂಬಿರುವುದೇ ಅಲ್ಲಿ ಮಳೆ ಬರುವುದರಿಂದ ಅಲ್ವಾ?

ಇಳಿಯುವುದು ಹತ್ತುವುದಕ್ಕಿಂತ ಸುಲಭ ಅಂದುಕೊಂಡವರಿಗೆ

100 ಕೆ.ಜಿ. ಭಾರ 300 ಮೀಟರ್ ಕೆಳಗಿಳಿದರೆ ಸುಮಾರು 300 ಕಿಲೋಜೂಲ್ ಶಕ್ತಿ ಹೊರಬೀಳುತ್ತದೆ. ಹೆಚ್ಚುಕಡಿಮೆ 900 ಮಿಲಿಲೀಟರ್ ತಣ್ಣೀರನ್ನು ಕುದಿಯುವ ತನಕ ಕಾಯಿಸಲು ಅಷ್ಟು ಸಾಕು. ವೇಗವಾಗಿ ಹೋದರೆ ಅದರಲ್ಲಿ ದೊಡ್ಡ ಪಾಲನ್ನು ಗಾಳಿ ತಿನ್ನುತ್ತದೆ. ನಿಧಾನಕ್ಕೆ ಬ್ರೇಕ್ ಒತ್ತಿಕೊಂಡೇ ಇಳಿದರೆ ಹೆಚ್ಚಿನದೆಲ್ಲ ಬ್ರೇಕಿಗೇ. ಚಕ್ರದ ರಿಮ್ ಹಿಡಿಯುವ ಬ್ರೇಕ್ ಆದರೆ ರಿಮ್ ಕಾದು ಟ್ಯೂಬ್ ಸಿಡಿಯಬಹುದು. ಡಿಸ್ಕ್ ಬ್ರೇಕ್ ಆದರೆ ಹಿಡಿತ ಸಡಿಲಾಗಬಹುದು. ಹಾಗಾಗಿ ಸದಾ ಒತ್ತಿ ಹಿಡಿಯಬೇಡಿ. ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಬಿಡಿ, ಮತ್ತೆ ಹಿಡಿಯಿರಿ. ವೇಗ ಇಳಿಸುವುದು ತಿರುವಿಗೆ ಮೊದಲು, ತಿರುವಿನೊಳಗೆ ಅಲ್ಲ. ನೋಟ ತಿರುವಿನ ಕೊನೆಗಿರಲಿ. ಹೊರಗಿನ ಪೆಡಲ್ ಕೆಳಗಿರಲಿ, ತೂಕ ಅದರ ಮೇಲೆ. ಉದ್ದದ ಇಳಿಜಾರಾದರೆ ನಡುವೆ ಒಮ್ಮೆ ನಿಂತು ಬ್ರೇಕ್ ಆರಲು ಬಿಡಿ. ಆರಿತಾ ಅಂತ ಡಿಸ್ಕ್ ಮುಟ್ಟಿ ನೋಡಬೇಡಿ, ನನ್ನ ಬೆರಳಿನ ಕಲೆ ಇನ್ನೂ ಇದೆ.

ದಡದ ರಸ್ತೆಯ ಇಳಿಜಾರಿಗೆ ಇನ್ನೊಂದು ಗುಣವಿದೆ. ಮರದ ನೆರಳಿರುವ ತಿರುವು ಮಧ್ಯಾಹ್ನದವರೆಗೂ ಒಣಗಿರುವುದಿಲ್ಲ. ಪಾಚಿ, ಒದ್ದೆ ಎಲೆ, ಮರದ ಹಲಗೆಯ ಸೇತುವೆ ಎಲ್ಲ ಜಾರುತ್ತವೆ. ಬಿಸಿಲಿನಿಂದ ನೆರಳಿಗೆ ನುಗ್ಗುವ ಮುಂಚೆಯೇ ವೇಗ ಇಳಿಸಿಬಿಡಿ.

ಮೊದಲ ದಿನದ ಸಂಜೆ

ಯೋಜನೆಯ ಚೀಟಿಯನ್ನು ಚೀಲದೊಳಗೆ ಹುಗಿದಿಡಬೇಡಿ. ಒಂದು ಪ್ರತಿ ಮನೆಯಲ್ಲಿರಲಿ, ದಿನದ ದಾರಿ ಮತ್ತು ತಲುಪುವ ಹೊತ್ತಿನ ಸಮೇತ. ಗುಡ್ಡದ ಮರೆಯಲ್ಲಿ ಮೊಬೈಲ್ ಸಿಗ್ನಲ್ ಹೋಗುವುದು ಮಾಮೂಲು, ಎಷ್ಟು ಹೊತ್ತಾದರೆ ಚಿಂತೆ ಮಾಡಬೇಕು ಅಂತ ಅವರಿಗೆ ಗೊತ್ತಿರಬೇಕು. ಇನ್ನೊಂದು ಪ್ರತಿ ನಿಮ್ಮ ಹ್ಯಾಂಡಲ್ ಚೀಲದಲ್ಲಿ.

ಮೊದಲ ದಿನ ತಲುಪಿ, ಸ್ನಾನ ಮಾಡಿ, ಉಂಡ ಮೇಲೆ ಅದನ್ನು ತೆಗೆಯಿರಿ. ಅಂದಾಜು ಮಾಡಿದ ಗಂಟೆಯ ಪಕ್ಕದಲ್ಲಿ ನಿಜವಾಗಿ ಹಿಡಿದ ಗಂಟೆ ಬರೆಯಿರಿ. 7 ಗಂಟೆ ಅಂದುಕೊಂಡದ್ದು 8 ಆಗಿದ್ದರೆ ಉಳಿದ ಎಲ್ಲ ದಿನಗಳಿಗೂ ಏಳನೆಯ ಒಂದು ಭಾಗ ಸೇರಿಸಿ. ಆಗ ಯಾವ ದಿನ ಕತ್ತಲಾಗುತ್ತದೆ ಅಂತ ಅಲ್ಲೇ ಕಾಣುತ್ತದೆ. ನನ್ನ ಎರಡನೇ ಪ್ರವಾಸದಲ್ಲಿ ಮೂರನೇ ದಿನ ಹಾಗೆ ಕಂಡಿತು. ಒಂದು ಘಾಟಿಗೆ ಅಡ್ಡಗೆರೆ ಎಳೆದೆ. ಆ ಸಂಜೆ 4 ಗಂಟೆಗೆ ನನ್ನ ಕಾಲು ನೀರಿನಲ್ಲಿತ್ತು.